‘ವಿ ಫಾರ್ ವೆಂಡೆಟಾ’: ಮುಂಬೈಯಲ್ಲಿ ನಾಲ್ಕು ಜನ ಕೂಡಿ ನೋಡುವವರಿಗೊಂದು ವಿಮರ್ಶೆ

2006ರಲ್ಲಿ ತೆರೆಕಂಡ ‘ವಿ ಫಾರ್ ವೆಂಡೆಟಾ’ ಅಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ಮುಖವಾಡ, ಚಾಕು ಮತ್ತು ಪಾರ್ಲಿಮೆಂಟಿನ ಸ್ಫೋಟ. ಅದನ್ನು ಕತ್ತಲೆ ಕೋಣೆಯಲ್ಲಿ, ದೊಡ್ಡ ಪರದೆಯ ಮೇಲೆ, ಮಾತು ಸ್ಪಷ್ಟವಾಗಿ ಕೇಳುವ ಹಾಗೆ ನೋಡಿದವರ ಮನಸ್ಸಿನಲ್ಲಿ ಉಳಿಯುವುದು ಇನ್ನೆರಡು ಸಂಗತಿಗಳು. ಮುಖವನ್ನೇ ತೋರಿಸದ ಒಬ್ಬನ ದನಿ ಒಂದು. ಜೈಲಿನ ಗೋಡೆಯ ಇಲಿಬಿಲದಲ್ಲಿ ಸಿಗುವ ಪತ್ರ ಇನ್ನೊಂದು. ಇಡೀ ಚಿತ್ರ ನಿಂತಿರುವುದು ಈ ಎರಡರ ಮೇಲೆ. ಮಾಟುಂಗಾದ ಮೈಸೂರು ಅಸೋಸಿಯೇಶನ್, ಮಾಹಿಮ್‌ನ ಕರ್ನಾಟಕ ಸಂಘದಂಥ ಸಭಾಂಗಣದಲ್ಲೋ ಡೊಂಬಿವಲಿ, ಥಾಣೆಯ ಸೊಸೈಟಿ ಹಾಲ್‌ನಲ್ಲೋ ಇದನ್ನು ತೋರಿಸಬೇಕು ಎಂದಿರುವ ಗೆಳೆಯರ ಗುಂಪುಗಳು ಮೊದಲು ಇವೆರಡಕ್ಕೆ ಬೇಕಾದ ವ್ಯವಸ್ಥೆ ಮಾಡಿಕೊಳ್ಳಬೇಕು. ಸ್ಫೋಟಗಳು ಹೇಗಿದ್ದರೂ ಕೇಳಿಸುತ್ತವೆ.

ಕಥೆ ನಡೆಯುವುದು ಮುಂದೊಂದು ಕಾಲದ ಇಂಗ್ಲೆಂಡಿನಲ್ಲಿ. ಸಾಂಕ್ರಾಮಿಕ ರೋಗವೊಂದು ಸಾವಿರಾರು ಜನರನ್ನು ಕೊಂದ ಮೇಲೆ ಭಯದ ಬೆನ್ನೇರಿ ನಾರ್ಸ್‌ಫೈರ್ ಎಂಬ ಪಕ್ಷ ಅಧಿಕಾರ ಹಿಡಿದಿದೆ. ರಾತ್ರಿ ಕರ್ಫ್ಯೂ, ಬೀದಿಯಲ್ಲಿ ಫಿಂಗರ್‌ಮೆನ್ ಎಂಬ ಗುಪ್ತ ಪೊಲೀಸರು, ಮನೆಮನೆಯಲ್ಲಿ ಸರ್ಕಾರಿ ಟಿವಿ. ಅದೇ ಟಿವಿ ಕಚೇರಿಯಲ್ಲಿ ಸಣ್ಣ ಕೆಲಸ ಮಾಡುವ ಈವಿ ಹ್ಯಾಮಂಡ್ ಕರ್ಫ್ಯೂ ಹೊತ್ತಿನಲ್ಲಿ ಹೊರಗೆ ಹೊರಟು ಈ ಪೊಲೀಸರ ಕೈಗೆ ಸಿಗುತ್ತಾಳೆ. ಗೈ ಫಾಕ್ಸ್ ಮುಖವಾಡ ತೊಟ್ಟ ವಿ ಎಂಬಾತ ಅವಳನ್ನು ಬಿಡಿಸುತ್ತಾನೆ. ಅದೇ ರಾತ್ರಿ ಓಲ್ಡ್ ಬೇಲಿ ನ್ಯಾಯಾಲಯದ ಕಟ್ಟಡವನ್ನು ಸಂಗೀತದ ಜೊತೆ ಉಡಾಯಿಸಿ, ಮರುದಿನ ಟಿವಿಯಲ್ಲಿ ಬಂದು, ಇನ್ನೊಂದು ವರ್ಷಕ್ಕೆ ನವೆಂಬರ್ 5ರಂದು ಪಾರ್ಲಿಮೆಂಟಿನ ಮುಂದೆ ಸೇರಿ ಎಂದು ಜನರಿಗೆ ಕರೆ ಕೊಡುತ್ತಾನೆ. 1605ರ ಅದೇ ತಾರೀಖಿನಂದು ಪಾರ್ಲಿಮೆಂಟ್ ಕಟ್ಟಡದ ನೆಲಮಾಳಿಗೆಯಲ್ಲಿ 36 ಪೀಪಾಯಿ ಮದ್ದಿನಪುಡಿಯ ಜೊತೆ ಸಿಕ್ಕಿಬಿದ್ದವನು ಗೈ ಫಾಕ್ಸ್. ನಮ್ಮ ಕಡೆಯ ಪ್ರೇಕ್ಷಕರಿಗೆ ಈ ಒಂದು ಇತಿಹಾಸದ ತುಣುಕನ್ನು ಚಿತ್ರ ಶುರುವಾಗುವ ಮೊದಲೇ ಎರಡು ವಾಕ್ಯದಲ್ಲಿ ಹೇಳಿಬಿಡಿ. ಆರಂಭದ ದೃಶ್ಯದಲ್ಲಿ ಅದು ಬರುತ್ತದಾದರೂ ಇಂಗ್ಲಿಷ್ ಮಕ್ಕಳ ಪದ್ಯ ಗೊತ್ತಿಲ್ಲದವರಿಗೆ ಕೈಗೆ ಸಿಗದೆ ಜಾರಿಹೋಗುತ್ತದೆ.

ನಿರ್ದೇಶಕ ಜೇಮ್ಸ್ ಮೆಕ್‌ಟೀಗ್‌ಗೆ ಇದು ಮೊದಲ ಚಿತ್ರ. ಅದಕ್ಕೂ ಮೊದಲು ‘ಮೇಟ್ರಿಕ್ಸ್’ ಚಿತ್ರಗಳಲ್ಲಿ ಸಹಾಯಕ ನಿರ್ದೇಶಕನಾಗಿದ್ದವನು. ಇಲ್ಲಿ ಚಿತ್ರಕಥೆ ಬರೆದವರು ಅವೇ ಚಿತ್ರಗಳ ವಾಚೋವ್ಸ್ಕಿ ಸೋದರಿಯರು. ಚಿತ್ರೀಕರಣದ ಬಹುಪಾಲು ಜರ್ಮನಿಯ ಪಾಟ್ಸ್‌ಡಾಮ್‌ನ ಬಾಬೆಲ್ಸ್‌ಬರ್ಗ್ ಸ್ಟುಡಿಯೋದಲ್ಲಿ ನಡೆಯಿತು. ಕೈಬಿಟ್ಟ ಮೆಟ್ರೋ ನಿಲ್ದಾಣದ ದೃಶ್ಯಗಳನ್ನು ಲಂಡನ್ನಿನ ಮುಚ್ಚಿದ ಆಲ್ಡ್‌ವಿಚ್ ನಿಲ್ದಾಣದಲ್ಲಿ ತೆಗೆದರು. ಕೊನೆಯ ದೃಶ್ಯಕ್ಕಾಗಿ ಟ್ರಫಾಲ್ಗರ್ ಚೌಕದಿಂದ ವೈಟ್‌ಹಾಲ್ ಉದ್ದಕ್ಕೂ ಪಾರ್ಲಿಮೆಂಟಿನವರೆಗಿನ ರಸ್ತೆಯನ್ನು ಮೂರು ರಾತ್ರಿ, ನಡುರಾತ್ರಿಯಿಂದ ಬೆಳಗಿನ ಜಾವದ ತನಕ, ಮುಚ್ಚಿಸಬೇಕಾಯಿತು. ಪ್ರಧಾನಿಯ ಮನೆ, ರಕ್ಷಣಾ ಸಚಿವಾಲಯ ಇರುವ ರಸ್ತೆಯದು. ಆ ದೃಶ್ಯದಲ್ಲಿ ಸೈನಿಕರ ಬಂದೂಕಿನೆದುರು ಜನ ನಡೆದು ಬರುವಾಗ ಕಾಲಡಿಯ ಡಾಂಬರು, ಬೀದಿದೀಪದ ಹಳದಿ ಎಲ್ಲ ನಿಜದ್ದು ಅನ್ನಿಸುವುದಕ್ಕೆ ಕಾರಣ ಇದೇ.

ಈಗ ಮುಖವಾಡದ ವಿಷಯ. ವಿ ಪಾತ್ರದ ಹ್ಯೂಗೋ ವೀವಿಂಗ್ ಚಿತ್ರದ ಬಹುಪಾಲು ಮುಖ ತೋರಿಸುವುದೇ ಇಲ್ಲ. ಈ ಪಾತ್ರಕ್ಕೆ ಮೊದಲು ಆಯ್ಕೆಯಾಗಿದ್ದ ಜೇಮ್ಸ್ ಪ್ಯೂರ್‌ಫಾಯ್ ಚಿತ್ರೀಕರಣ ಶುರುವಾಗಿ ಕೆಲವು ವಾರಗಳಾದ ಮೇಲೆ ಹೊರಬಂದರು. ಅವರು ನಟಿಸಿದ ಕೆಲವು ಶಾಟ್‌ಗಳು ವೀವಿಂಗ್ ದನಿಯೊಂದಿಗೆ ಚಿತ್ರದಲ್ಲಿ ಹಾಗೇ ಉಳಿದಿವೆ. ಎಲ್ಲಿ ಯಾರು ಎಂದು ಪ್ರೇಕ್ಷಕರಿಗೆ ಗೊತ್ತಾಗುವುದಿಲ್ಲ. ಪಾತ್ರವನ್ನು ಒಂದು ಮಾಡಿ ಹಿಡಿದಿರುವುದು ದನಿ. ಮುಖವಾಡದ ಒಳಗಿಂದ ಮಾತು ಅಸ್ಪಷ್ಟವಾಗಿ ಬರುತ್ತಿದ್ದುದರಿಂದ ವಿ ಆಡುವ ಮಾತುಗಳನ್ನು ಆಮೇಲೆ ಸ್ಟುಡಿಯೋದಲ್ಲಿ ಮತ್ತೆ ರೆಕಾರ್ಡ್ ಮಾಡಿದರು. ಹಾಗಾಗಿ ಉಳಿದವರ ಮಾತಿಗಿಂತ ಅವನ ಮಾತು ಕಿವಿಗೆ ಹತ್ತಿರ, ಕೋಣೆಯ ಗುಂಗು ಇಲ್ಲದೆ, ತುಂಬಾ ತಗ್ಗಿನ ಸ್ವರದಲ್ಲಿ ಕೇಳುತ್ತದೆ.

ಮುಖವಾಡಕ್ಕೆ ಇರುವುದು ಒಂದೇ ನಗು. ಆದರೂ ಅದು ಒಂದು ಕಡೆ ದುಃಖದ ಹಾಗೆ, ಇನ್ನೊಂದು ಕಡೆ ಕ್ರೌರ್ಯದ ಹಾಗೆ ಕಾಣುತ್ತದೆ. ಛಾಯಾಗ್ರಾಹಕ ಏಡ್ರಿಯನ್ ಬಿಡ್ಲ್ ಬೆಳಕನ್ನು ಕೆಳಗಿನಿಂದ, ಪಕ್ಕದಿಂದ, ಹಿಂದಿನಿಂದ ಬದಲಿಸುತ್ತ ಹೋಗಿರುವುದು, ವೀವಿಂಗ್ ಕತ್ತನ್ನು ಒಂದಿಷ್ಟೇ ಓರೆ ಮಾಡುವುದು, ಇವೆರಡೂ ಸೇರಿ ಆಗುವ ಕೆಲಸ ಅದು. ದೊಂದಿ ಬೆಳಕಿನಲ್ಲಿ ಭೂತದ ಮೊಗ ಕಂಡವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಈವಿ ಬಿಟ್ಟು ಹೋದ ಮೇಲೆ ವಿ ಕನ್ನಡಿಯ ಮುಂದೆ ಒಬ್ಬನೇ ನಿಲ್ಲುವ ದೃಶ್ಯವನ್ನು ಗಮನಿಸಿ ನೋಡಿ. ಬಿಡ್ಲ್ ಚಿತ್ರ ಬಿಡುಗಡೆಯಾಗುವ ಮೊದಲೇ, 2005ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಚಿತ್ರವನ್ನು ಅವರಿಗೇ ಅರ್ಪಿಸಿದ್ದಾರೆ.

ಈ ಬೆಳಕಿನ ಕೆಲಸವೇ ಪ್ರದರ್ಶಕರಿಗೆ ಮೊದಲ ತಲೆನೋವು. ಕಪ್ಪು ಟೋಪಿ, ಕಪ್ಪು ನಿಲುವಂಗಿ, ಹಿಂದೆ ಕಪ್ಪು ಗೋಡೆ. ಅಗ್ಗದ ಪ್ರೊಜೆಕ್ಟರಿನಲ್ಲಿ ಕಪ್ಪೆಲ್ಲ ಒಂದೇ ಬೂದು ಮುದ್ದೆಯಾಗಿ, ಗಾಳಿಯಲ್ಲಿ ಬಿಳಿ ಮುಖವಾಡ ಮಾತ್ರ ತೇಲುತ್ತದೆ. ಕಿಟಕಿಯ ಸಂದಿನಿಂದ ಬರುವ ಬೀದಿದೀಪ ಸಾಕು, ಚಿತ್ರದ ಅರ್ಧ ಹಾಳಾಗಲು. ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ. ಎಕ್ಸಿಟ್ ದೀಪವನ್ನು ಮಾತ್ರ ಎಂದೂ ಮುಚ್ಚಬೇಡಿ. ಪ್ರೊಜೆಕ್ಟರಿನ ‘ಡೈನಮಿಕ್’ ಮೋಡ್ ತೆಗೆದು ‘ಸಿನಿಮಾ’ ಮೋಡ್‌ಗೆ ಹಾಕಿ. ಬ್ರೈಟ್‌ನೆಸ್ ಸರಿಪಡಿಸಲು ವಿಯ ಅಡಗುತಾಣವಾದ ಶ್ಯಾಡೋ ಗ್ಯಾಲರಿಯ ದೃಶ್ಯವೊಂದನ್ನು ನಿಲ್ಲಿಸಿಕೊಳ್ಳಿ. ಟೋಪಿಯ ಅಂಚು ಹಿಂದಿನ ಕತ್ತಲಿನಿಂದ ಬೇರೆಯಾಗಿ ಕಾಣುವವರೆಗೆ ಒಂದೊಂದೇ ಅಂಕೆ ಏರಿಸಿ. ಕಂಡ ಕೂಡಲೇ ನಿಲ್ಲಿಸಿ. ಅದಕ್ಕಿಂತ ಮೇಲೆ ಹೋದರೆ ಕಪ್ಪು ಬಿಳಿಚಿಕೊಳ್ಳುತ್ತದೆ.

ಡಿಸ್ಕ್ ವಿಷಯದಲ್ಲೂ ಇದೇ ಲೆಕ್ಕ. 2020ರಲ್ಲಿ ಬಂದ 4ಕೆ ಡಿಸ್ಕ್ ಒಳ್ಳೆಯ ಟಿವಿಯಲ್ಲಿ ಅದ್ಭುತ. ಗುಲಾಬಿಯ ಕೆಂಪು, ಡೊಮಿನೊ ಬಿಲ್ಲೆಗಳ ಹೊಳಪು ಹಳೆಯ ಡಿಸ್ಕ್‌ನಲ್ಲಿ ಈ ಮಟ್ಟಕ್ಕೆ ಇಲ್ಲ. ಮೇಲಿನಿಂದಲೂ ಸದ್ದು ಬರುವ ಆಟ್ಮಾಸ್ ಸೌಂಡ್ ಕೂಡ ಇದೆ. ಆದರೆ 4ಕೆ ಡಿಸ್ಕ್ ಎಚ್‌ಡಿಆರ್‌ನಲ್ಲಿರುತ್ತದೆ, ಅಂದರೆ ಬೆಳಕು ಕತ್ತಲೆಯ ಅಂತರ ಮಾಮೂಲಿಗಿಂತ ಹೆಚ್ಚು. ಬೆಳಕಿನ ತಾಕತ್ತು ಕಡಿಮೆ ಇರುವ ಪ್ರೊಜೆಕ್ಟರ್ ಅದನ್ನು ಸರಿಯಾಗಿ ಇಳಿಸಿಕೊಳ್ಳಲಾಗದೆ ಕತ್ತಲೆ ದೃಶ್ಯಗಳನ್ನು ಇನ್ನೂ ಕತ್ತಲಾಗಿಸುತ್ತದೆ. ಅಂಥ ಕಡೆ ಸಾದಾ ಬ್ಲೂ-ರೇಯೇ ಚೆನ್ನಾಗಿ ಕಾಣುತ್ತದೆ. ಇನ್ನೊಂದು ಆಗಾಗ ಆಗುವ ಅವಾಂತರ: 4ಕೆ ಪ್ಲೇಯರ್‌ನಿಂದ ಪ್ರೊಜೆಕ್ಟರ್ ತನಕ ನಡುವೆ ಬರುವ ಪ್ರತಿಯೊಂದು ಪೆಟ್ಟಿಗೆ, ಸ್ಪ್ಲಿಟರ್ ಸೇರಿದಂತೆ, ನಕಲು ತಡೆಯುವ ಎಚ್‌ಡಿಸಿಪಿ 2.2 ವ್ಯವಸ್ಥೆಯನ್ನು ಒಪ್ಪಬೇಕು. ಒಂದು ಒಪ್ಪದಿದ್ದರೂ ಪರದೆ ಕಪ್ಪಾಗಬಹುದು, ಇಲ್ಲವೇ ಚಿತ್ರ 1080 ಗೆರೆಗಳ ಎಚ್‌ಡಿಗೆ ಇಳಿಯಬಹುದು. ಲ್ಯಾಮಿಂಗ್ಟನ್ ರೋಡಿನಲ್ಲಿ ಕೇಬಲ್, ಸ್ಪ್ಲಿಟರ್ ಕೊಳ್ಳುವಾಗ ಈ ಸಂಖ್ಯೆಯನ್ನು ಕೇಳಿ, ಪೆಟ್ಟಿಗೆಯ ಮೇಲೆ ಬರೆದದ್ದನ್ನು ಓದಿಯೇ ತನ್ನಿ. ಹದಿನೈದು ಮೀಟರಿನಷ್ಟು ಉದ್ದದ ಓಟಕ್ಕೆ ಮಾಮೂಲಿ ತಾಮ್ರದ ಎಚ್‌ಡಿಎಂಐ ಕೇಬಲ್ ನಂಬಬೇಡಿ, ಚಿತ್ರ ಮಧ್ಯೆ ಮಧ್ಯೆ ಹೋಗಿ ಬರುತ್ತದೆ. ಪ್ಲೇಯರನ್ನೇ ಪ್ರೊಜೆಕ್ಟರ್ ಪಕ್ಕಕ್ಕೆ ಇಟ್ಟು, ಉದ್ದದ ಓಟವನ್ನು ಆಡಿಯೋ ವೈರಿಗೆ ಬಿಡುವುದು ಸುಲಭ.

ಸೌಂಡಿನಲ್ಲಿ ಎಚ್ಚರ ಬೇಕಾದದ್ದು ಮಾತಿಗೆ. ವಿಯ ಮಾತೆಲ್ಲ ನಡುವಿನ ಸ್ಪೀಕರಿನಿಂದ ಬರುವಂತೆ ಮಿಕ್ಸ್ ಆಗಿದೆ. ನಮ್ಮ ಹಾಲ್‌ಗಳಲ್ಲಿ ಸಾಮಾನ್ಯವಾಗಿ ಎಡ ಬಲ ಎರಡೇ ಸ್ಪೀಕರ್. ಆರು ಚಾನೆಲ್ಲನ್ನು ಎರಡಕ್ಕೆ ಇಳಿಸುವಾಗ ನಡುವಿನ ಚಾನೆಲ್ 3 ಡೆಸಿಬೆಲ್ ತಗ್ಗುತ್ತದೆ, ಸಂಗೀತ ಮತ್ತು ಸದ್ದು ಅದರ ಮೇಲೆ ಕೂರುತ್ತವೆ, ಟೈಲ್ಸ್ ಗೋಡೆಯ ಪ್ರತಿಧ್ವನಿ ಮಿಕ್ಕಿದ್ದನ್ನು ತಿನ್ನುತ್ತದೆ. ಪ್ಲೇಯರಿನಲ್ಲಿ ‘ಡೈಲಾಗ್’ ಅಥವಾ ‘ಸೆಂಟರ್’ ಮಟ್ಟ ಏರಿಸುವ ಸೌಲಭ್ಯವಿದ್ದರೆ 2ರಿಂದ 3 ಡೆಸಿಬೆಲ್ ಏರಿಸಿ. ಬಾಸ್ ಇಳಿಸಿ, ಅವನ ದನಿಯೇ ತಗ್ಗಿನದು, ಹಾಲ್ ಬಾಸ್‌ನಲ್ಲಿ ಗುಂಯ್‌ಗುಟ್ಟಿದರೆ ಅಕ್ಷರಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಹಿಂದಿನ ಗೋಡೆಗೆ ನಾಟಕದ ದಪ್ಪ ಪರದೆಯನ್ನೋ ಜಮಖಾನವನ್ನೋ ಇಳಿಬಿಟ್ಟರೆ ಆಗುವ ಲಾಭ ಹೊಸ ಆಂಪ್ಲಿಫಯರಿನಿಂದ ಆಗುವುದಿಲ್ಲ. ಮಟ್ಟ ಹೊಂದಿಸುವುದಕ್ಕೆ ಓಲ್ಡ್ ಬೇಲಿಯ ಸ್ಫೋಟವನ್ನು ಬಳಸಬೇಡಿ. ಅಲ್ಲಿ ಚೈಕೋವ್‌ಸ್ಕಿಯ 1812 ಓವರ್‌ಚರ್ ಮೊಳಗುತ್ತದೆ. ಫಿರಂಗಿ ಸದ್ದನ್ನು ಆ ಕೃತಿಕಾರನೇ ಸ್ವರಲಿಪಿಯಲ್ಲಿ ಬರೆದಿಟ್ಟಿದ್ದಾನೆ, ಸಿನಿಮಾ ಅದರ ಮೇಲೆ ತನ್ನ ಸ್ಫೋಟವನ್ನೂ ಪೇರಿಸಿದೆ. ಇದಕ್ಕೆ ಹದ ಮಾಡಿಕೊಂಡರೆ ಮುಂದಿನ ಎರಡು ಗಂಟೆ ಪಿಸುಮಾತು ಕೇಳಿಸುವುದಿಲ್ಲ. ಡಾಕ್ಟರ್ ಡೀಲಿಯಾ ಸರಿಜ್ ಮಲಗುವ ಕೋಣೆಯ ದೃಶ್ಯ ಹಾಕಿ, ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತು ಕೇಳಿ. ಅಲ್ಲಿ ಪ್ರತಿ ಮಾತು ತಿಳಿದರೆ ಮಟ್ಟ ಸರಿ ಇದೆ.

ಆ ದೃಶ್ಯವೇ ಈ ಚಿತ್ರದ ಅತಿ ಒಳ್ಳೆಯ ಐದು ನಿಮಿಷಗಳಲ್ಲಿ ಒಂದು. ಲಾರ್ಕ್‌ಹಿಲ್ ಸೆರೆಶಿಬಿರದಲ್ಲಿ ಕೈದಿಗಳ ಮೇಲೆ ಪ್ರಯೋಗ ಮಾಡಿದ ವೈದ್ಯೆ ವರ್ಷಗಳ ನಂತರ ಕತ್ತಲಲ್ಲಿ ಕಣ್ಣು ಬಿಡುತ್ತಾಳೆ, ಆ ಶಿಬಿರದಿಂದ ಪಾರಾದ ವಿ ಬಂದಿದ್ದಾನೆ. ಅವಳು ಓಡುವುದಿಲ್ಲ, ಕೂಗುವುದಿಲ್ಲ. ನೋವಾಗುತ್ತದೆಯೇ ಎಂದು ಕೇಳುತ್ತಾಳೆ. ಕ್ಷಮೆ ಕೇಳುತ್ತಾಳೆ. ಸಿನೇಡ್ ಕ್ಯೂಸಾಕ್ ಇದನ್ನು ನಟಿಸಿರುವ ರೀತಿ ನೋಡಿದ ಮೇಲೆ ಸೇಡು ಎಂಬುದು ಸರಳ ಸಂಗತಿಯಾಗಿ ಉಳಿಯುವುದಿಲ್ಲ. ಟಿವಿ ಭಾಷಣಕಾರ ಪ್ರಾಥೆರೋ, ಬಿಷಪ್ ಲಿಲ್ಲಿಮನ್ ಇಬ್ಬರೂ ಇದರ ಎದುರು ಬರೀ ಕೆಟ್ಟವರ ಚಿತ್ರಪಟಗಳು. ಅವರ ಭಾಗ ಬೇಗ ಮುಗಿಯುತ್ತದೆ, ಮುಗಿದದ್ದೇ ಒಳ್ಳೆಯದು.

ದಬ್ಬಾಳಿಕೆಯ ದಿನಬಳಕೆ ರೂಪವನ್ನು ತೋರಿಸುವಲ್ಲಿ ಚಿತ್ರ ಒಂದು ಕಡೆ ತುಂಬಾ ಜಾಣತನ ತೋರುತ್ತದೆ, ಬೆಣ್ಣೆಯ ವಿಷಯದಲ್ಲಿ. ವಿ ಬ್ರೆಡ್ಡಿನ ನಡುವೆ ತೂತು ಮಾಡಿ ಮೊಟ್ಟೆ ಒಡೆದು ಹಾಕಿ ಈವಿಗೆ ತಿಂಡಿ ಮಾಡಿಕೊಡುತ್ತಾನೆ. ಒಂದು ತುತ್ತು ತಿಂದು ಅವಳು ಬೆರಗಾಗುತ್ತಾಳೆ: ಇದು ನಿಜವಾದ ಬೆಣ್ಣೆ. ಬಾಲ್ಯದ ನಂತರ ಅವಳು ಅದರ ರುಚಿ ಕಂಡಿಲ್ಲ. ಬೆಣ್ಣೆ ಬಂದದ್ದು ಚಾನ್ಸಲರ್‌ಗೆಂದೇ ಹೊರಟಿದ್ದ ಸರಕು ರೈಲಿನಿಂದ. ಆ ಮಾತು ಬಂದು ಹೋಗುವುದು ಕೆಲವೇ ಸೆಕೆಂಡುಗಳಲ್ಲಿ, ಆದರೆ ಆ ದೇಶದಲ್ಲಿ ಯಾರು ಏನು ತಿನ್ನುತ್ತಾರೆ ಎಂಬುದೆಲ್ಲ ಅದರಲ್ಲಿ ಬಂದುಬಿಟ್ಟಿದೆ.

ಚಾನ್ಸಲರ್ ಸಟ್ಲರ್ ಆಗಿ ಜಾನ್ ಹರ್ಟ್. 1984ರಲ್ಲಿ ಬಂದ ಆರ್ವೆಲ್ ಕಾದಂಬರಿಯ ಚಿತ್ರದಲ್ಲಿ ಪ್ರಭುತ್ವದ ಕೈಯಲ್ಲಿ ನಲುಗುವ ವಿನ್‌ಸ್ಟನ್ ಸ್ಮಿತ್ ಆಗಿದ್ದವರು ಇಲ್ಲಿ ಸ್ವತಃ ಸರ್ವಾಧಿಕಾರಿ. ಹೆಚ್ಚುಕಡಿಮೆ ಇಡೀ ಚಿತ್ರದಲ್ಲಿ ಅವರು ಕಾಣುವುದು ಸಭೆಯ ಕೋಣೆಯ ರಾಕ್ಷಸ ಪರದೆಯ ಮೇಲೆ. ಹಲ್ಲು, ಮೂಗಿನ ಹೊಳ್ಳೆ, ತುಟಿಯ ಅಂಚಿನ ಎಂಜಲು ಎಲ್ಲ ಮನುಷ್ಯಗಾತ್ರಕ್ಕಿಂತ ದೊಡ್ಡದು. ಮಂತ್ರಿಗಳು ಅದರ ಕೆಳಗೆ ಕತ್ತೆತ್ತಿ ಕೂತಿರುತ್ತಾರೆ. ಕೊನೆಯಲ್ಲಿ ಅವನನ್ನು ಎಳೆದು ತಂದಾಗ ಎದುರಿಗಿರುವುದು ಅಳುತ್ತಿರುವ ಒಬ್ಬ ಸಣ್ಣ ಮುದುಕ. ಇದು ದೊಡ್ಡ ಪರದೆಯಲ್ಲಿ ಮಾತ್ರ ಸರಿಯಾಗಿ ತಾಕುತ್ತದೆ. ಮೊಬೈಲಿನಲ್ಲಿ ನೋಡಿದವರಿಗೆ ದೊಡ್ಡದು ಸಣ್ಣದಾದ ಅನುಭವವೇ ಆಗುವುದಿಲ್ಲ.

ಇಲ್ಲಿಂದ ಮುಂದೆ ಕಥೆಯ ಗುಟ್ಟನ್ನು ಬಿಚ್ಚಲೇಬೇಕು. ಚಿತ್ರ ನೋಡದವರು ಮುಂದಿನ ಎರಡು ಪ್ಯಾರಾ ಬಿಟ್ಟು ಓದಿ.

ಈವಿ ಸಿಕ್ಕಿಬೀಳುತ್ತಾಳೆ. ತಲೆ ಬೋಳಿಸುತ್ತಾರೆ. ನಟಾಲಿ ಪೋರ್ಟ್‌ಮನ್ ಕ್ಯಾಮೆರಾ ಮುಂದೆಯೇ ನಿಜವಾಗಿ ತಲೆ ಬೋಳಿಸಿಕೊಂಡ ದೃಶ್ಯವದು, ಒಂದೇ ಅವಕಾಶದಲ್ಲಿ ಆಗಬೇಕಿತ್ತು. ಕೋಣೆಯಲ್ಲಿ ಇಲಿ, ತಟ್ಟೆ, ಒದ್ದೆ ನೆಲ. ಗೋಡೆಯ ತೂತಿನಲ್ಲಿ ಟಾಯ್ಲೆಟ್ ಪೇಪರಿನ ಮೇಲೆ ಬರೆದ ಪತ್ರ: ಹಿಂದೆ ಪಕ್ಕದ ಕೋಣೆಯಲ್ಲಿದ್ದ ವ್ಯಾಲೆರಿ ಎಂಬ ನಟಿಯದು. ಹೆಣ್ಣನ್ನು ಪ್ರೀತಿಸಿದ ಹೆಣ್ಣು ಎಂಬ ಕಾರಣಕ್ಕೆ ಅವಳನ್ನು ಹಿಡಿದು ತಂದಿರುತ್ತಾರೆ. ಬಾಲ್ಯ, ಮನೆಯವರು ಹೊರಗೆ ಹಾಕಿದ್ದು, ಮೊದಲ ಚಿತ್ರ, ಗುಲಾಬಿ ಬೆಳೆದ ಮನೆ, ಆಮೇಲೆ ಶಬ್ದಗಳ ಅರ್ಥ ಬದಲಾಗಿ ಅವು ಒಂದೊಂದಾಗಿ ಭಯ ಹುಟ್ಟಿಸಿದ್ದು, ಎಲ್ಲ ಕೆಲವು ನಿಮಿಷಗಳಲ್ಲಿ ಬಂದು ಹೋಗುತ್ತದೆ. ಹಿನ್ನೆಲೆಯಲ್ಲಿ ಡೇರಿಯೊ ಮಾರಿಯನೆಲ್ಲಿಯ ಸಂಗೀತ ತುಂಬಾ ಹಿತಮಿತ. ಬೇರೆ ಎಲ್ಲೂ ಇಷ್ಟು ಒತ್ತಾಗಿ, ಇಷ್ಟು ನಿಜವಾಗಿ ಈ ಚಿತ್ರ ಮಾತಾಡಿಲ್ಲ. ಆಮೇಲೆ ಬಾಗಿಲು ತೆರೆದಿರುತ್ತದೆ. ಕಾವಲುಗಾರ ಬರೀ ಬೊಂಬೆ. ಇಷ್ಟೂ ಹಿಂಸೆ ಕೊಟ್ಟವನು ವಿ. ಭಯ ಕಳೆಯಲೆಂದು.

ಇಲ್ಲಿ ಚಿತ್ರ ಎಡವುತ್ತದೆ. ಸರ್ವಾಧಿಕಾರಿಯ ಜೈಲಿನಲ್ಲಿ ನಡೆಯುವುದನ್ನೇ ಬಂಡಾಯಗಾರ ಮಾಡಿದಾಗ ಏನೆನ್ನಬೇಕು ಎಂಬ ಪ್ರಶ್ನೆಯನ್ನು ಈವಿ ಕೂಗಿ ಕೇಳುತ್ತಾಳೆ, ಅವಳ ಉಸಿರು ಕಟ್ಟುತ್ತದೆ. ಆದರೆ ಮಳೆಯಲ್ಲಿ ಅವಳು ಕೈ ಮೇಲೆತ್ತಿ ನಿಲ್ಲುವ ಚಿತ್ರ, ಲಾರ್ಕ್‌ಹಿಲ್‌ನ ಬೆಂಕಿಯಿಂದ ವಿ ಕೈ ಮೇಲೆತ್ತಿ ಹೊರಬಂದ ಚಿತ್ರ, ಎರಡನ್ನೂ ಎಡಿಟರ್ ಮಾರ್ಟಿನ್ ವಾಲ್ಷ್ ಎಷ್ಟು ಚಂದ ಹೊಂದಿಸುತ್ತಾರೆಂದರೆ ಪ್ರಶ್ನೆ ಆ ಚಂದದಲ್ಲಿ ತೊಳೆದುಹೋಗುತ್ತದೆ. ನಂತರ ಅವರಿಬ್ಬರ ನಡುವೆ ಪ್ರೇಮದ ಎಳೆ ಬೇರೆ. ಅದು ಬೇಡವಾಗಿತ್ತು. ಮೂಲ ಚಿತ್ರಕಾದಂಬರಿ 1982ರಲ್ಲಿ ಬ್ರಿಟನ್ನಿನ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಶುರುವಾಗಿ ಆ ದಶಕದ ಕೊನೆಗೆ ಮುಗಿಯಿತು. ಅದರಲ್ಲಿ ಪಾರ್ಲಿಮೆಂಟ್ ಬೀಳುವುದು ಮೊದಲಲ್ಲೇ, ವಿ ಇನ್ನೂ ಹೆಚ್ಚು ಕಸಿವಿಸಿ ಹುಟ್ಟಿಸುವ ಮನುಷ್ಯ. ಸಿನಿಮಾ ಅವನನ್ನು ನಾಯಕನನ್ನಾಗಿ ತಿದ್ದಿದೆ. ಬರೆದ ಆಲನ್ ಮೂರ್ ಸಿನಿಮಾದಿಂದ ತಮ್ಮ ಹೆಸರನ್ನೇ ತೆಗೆಸಿದರು. ಟೈಟಲ್ ಕಾರ್ಡಿನಲ್ಲಿ ಚಿತ್ರ ಬಿಡಿಸಿದ ಡೇವಿಡ್ ಲಾಯ್ಡ್ ಹೆಸರು ಮಾತ್ರ ಇದೆ.

ಮುಂಬೈಯ ಕನ್ನಡಿಗರ ನಡುವೆ ಇದನ್ನು ತೋರಿಸುವಾಗ ಎರಡು ಹೆಸರು ಎತ್ತದೆ ಚರ್ಚೆ ಪೂರ್ತಿಯಾಗುವುದಿಲ್ಲ. ಮೊದಲನೆಯವರು ಜಾರ್ಜ್ ಫರ್ನಾಂಡಿಸ್. ಮಂಗಳೂರಿನಲ್ಲಿ ಹುಟ್ಟಿ, ಬೊಂಬಾಯಿಗೆ ಬಂದು ಇಲ್ಲಿಯ ಕಾರ್ಮಿಕರ ನಾಯಕರಾದವರು. 1967ರಲ್ಲಿ ದಕ್ಷಿಣ ಬೊಂಬಾಯಿಯಲ್ಲಿ ಕಾಂಗ್ರೆಸ್ಸಿನ ಎಸ್.ಕೆ. ಪಾಟೀಲರನ್ನು ಸೋಲಿಸಿದವರು, 1974ರ ರೈಲ್ವೆ ಮುಷ್ಕರ ನಡೆಸಿದವರು. 1975ರ ಜೂನ್ 25ರಂದು ತುರ್ತುಪರಿಸ್ಥಿತಿ ಬಂದ ಮೇಲೆ ಅವರು ಭೂಗತರಾದರು. ಸರ್ಕಾರಿ ಕಟ್ಟಡ, ರೈಲು ಹಳಿಗಳನ್ನು ಉಡಾಯಿಸಲು ಡೈನಮೈಟ್ ಕೂಡಿಸಿದರೆಂಬ ಬರೋಡಾ ಡೈನಮೈಟ್ ಮೊಕದ್ದಮೆಯಲ್ಲಿ 1976ರ ಜೂನ್‌ನಲ್ಲಿ ಕಲ್ಕತ್ತಾದಲ್ಲಿ ಬಂಧನವಾಯಿತು. 1977ರಲ್ಲಿ ಜೈಲಿನೊಳಗಿಂದಲೇ ಮುಜಫ್ಫರ್‌ಪುರದಲ್ಲಿ ಸ್ಪರ್ಧಿಸಿ ಗೆದ್ದರು. ಹೊಸ ಸರ್ಕಾರ ಮೊಕದ್ದಮೆಯನ್ನು ಹಿಂತೆಗೆದುಕೊಂಡಿತು. ಪ್ರಭುತ್ವದ ಕಟ್ಟಡಕ್ಕೆ ಬತ್ತಿ ಇಡುವುದು ಸರಿಯೇ ಎಂಬ ಪ್ರಶ್ನೆ ಈ ಊರಿನ ಕನ್ನಡ, ತುಳು, ಕೊಂಕಣಿ ಮನೆಗಳಲ್ಲಿ ಬರೀ ಲಂಡನ್ನಿನ ಪ್ರಶ್ನೆಯಲ್ಲ. ಚಿತ್ರದಲ್ಲಿ ಸ್ಫೋಟ ಜನರನ್ನು ಎಬ್ಬಿಸುತ್ತದೆ. ಇಲ್ಲಿ ಆ ಸರ್ಕಾರವನ್ನು ಇಳಿಸಿದ್ದು ಚುನಾವಣೆ. ಚರ್ಚೆಗೆ ಇದಕ್ಕಿಂತ ಒಳ್ಳೆಯ ಶುರು ಬೇಕಿಲ್ಲ.

ಇನ್ನೊಂದು ಹೆಸರು ಸ್ನೇಹಲತಾ ರೆಡ್ಡಿ. ‘ಸಂಸ್ಕಾರ’ ಚಿತ್ರದ ಚಂದ್ರಿ. ಇದೇ ಡೈನಮೈಟ್ ಪ್ರಕರಣದ ಜಾಡಿನಲ್ಲಿ 1976ರಲ್ಲಿ ಅವರನ್ನು ಬಂಧಿಸಿ, ವಿಚಾರಣೆಯಿಲ್ಲದೆ ತಿಂಗಳುಗಟ್ಟಲೆ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿಟ್ಟರು. ಅಸ್ತಮಾ ಇತ್ತು, ಸರಿಯಾದ ಚಿಕಿತ್ಸೆ ಸಿಗಲಿಲ್ಲ. ಒಳಗಿದ್ದು ದಿನಚರಿ ಬರೆದರು. ಕೈದಿ ಹೆಂಗಸರನ್ನು ಕೂಡಿಸಿಕೊಂಡು ಅವರಿಗಾಗಿ ದನಿಯೆತ್ತಿದರು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 20ರಂದು, ತೀರಿಕೊಂಡರು. ಆ ಜೈಲಿನ ಜಾಗ ಈಗ ಫ್ರೀಡಂ ಪಾರ್ಕ್. ವ್ಯಾಲೆರಿ ಕೂಡ ನಟಿ, ಅವಳೂ ಒಳಗಿದ್ದು ಬರೆದವಳು, ಆದರೆ ಒಳಗೇ ಸತ್ತವಳು. ನಮ್ಮವರಿಗೆ ವ್ಯಾಲೆರಿಯ ಪತ್ರ ಕಲ್ಪನೆಯ ಕಥೆಯಾಗಿ ಕೇಳಿಸುವುದು ಸಾಧ್ಯವೇ ಇಲ್ಲ. ಪ್ರದರ್ಶನದ ಮೊದಲು ಸ್ನೇಹಲತಾ ಅವರ ಹೆಸರು ಹೇಳಿ; ದಿನಚರಿ ಸಿಕ್ಕರೆ ಮುಗಿದ ಮೇಲೆ ಒಂದು ಪುಟ ಓದಿಸಿ. ಬರೀ ಒಂದು ಪುಟ, ಸಂಗೀತವಿಲ್ಲದೆ.

ಸಬ್‌ಟೈಟಲ್ ಬಗ್ಗೆ ಹೇಳಲೇಬೇಕು, ಯಾಕೆಂದರೆ ಪ್ರದರ್ಶನಗಳು ಹೆಚ್ಚು ಕೆಡುವುದು ಇಲ್ಲೇ. ಡಿಸ್ಕ್‌ನಲ್ಲಿ ಕನ್ನಡ ಇಲ್ಲ. ಇಂಗ್ಲಿಷ್ ಓದಿ ಅಭ್ಯಾಸವಿದ್ದವರಿಗೂ ವಿಯ ಮೊದಲ ಪರಿಚಯದ ಮಾತು, ಒಂದೇ ಅಕ್ಷರದಿಂದ ಶುರುವಾಗುವ ಹತ್ತಾರು ಶಬ್ದಗಳ ಸುರಿಮಳೆ, ಓದಿ ಮುಗಿಸಲಾಗದು. ಅಲ್ಲಿ ಸಬ್‌ಟೈಟಲ್ ನೋಡಬೇಡಿ, ಕಿವಿಗೊಡಿ ಎಂದು ಮೊದಲೇ ಹೇಳಿದರೆ ಜನ ಆ ಮಾತಿನ ಲಯ ಸವಿಯುತ್ತಾರೆ. ಕನ್ನಡ ಸಾಲುಗಳನ್ನು ನೀವೇ ಸಿದ್ಧಮಾಡುವುದಾದರೆ ನಾಟಕದವರ ಹಾಗೆ ಎರಡನೆಯ ಸಣ್ಣ ಪ್ರೊಜೆಕ್ಟರಿನಿಂದ ಪರದೆಯ ಕೆಳಗಿನ ಪಟ್ಟಿಯಲ್ಲಿ, ಸ್ಲೈಡ್‌ಗಳಾಗಿ, ಒಬ್ಬರು ಕೂತು ಕೈಯಲ್ಲಿ ಬದಲಿಸುವುದೇ ಭದ್ರ. ಒಂದು ಸ್ಲೈಡಿಗೆ ಎರಡು ಸಾಲು ಮೀರಬೇಡಿ. ಎಲ್ಲ ಮಾತನ್ನೂ ಹಾಕಬೇಕಾಗಿಲ್ಲ. ಹಿನ್ನೆಲೆ ಕಪ್ಪು, ಅಕ್ಷರ ಬೂದುಬಿಳಿ. ಅಚ್ಚ ಬಿಳಿ ಹಾಕಿದರೆ ಅದರ ಬೆಳಕೇ ಮೇಲಿನ ಕತ್ತಲೆ ದೃಶ್ಯವನ್ನು ಕೆಡಿಸುತ್ತದೆ.

ಎಸ್‌ಆರ್‌ಟಿ ಎಂಬ ಸಬ್‌ಟೈಟಲ್ ಕಡತ ಬಳಸುವವರು ಗಮನಿಸಬೇಕಾದ್ದು ಇಷ್ಟು. ಯೂನಿಕೋಡ್‌ನಲ್ಲಿ ಟೈಪಿಸಿ, ಯುಟಿಎಫ್-8 ಎಂದು ಉಳಿಸಿ. ಹಳೆಯ ನುಡಿ, ಬರಹ ಫಾಂಟುಗಳ ಆಸ್ಕಿ ಪಠ್ಯ ಹಾಕಿದರೆ ಪರದೆ ಮೇಲೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಟಿವಿಗೆ ನೇರವಾಗಿ ಪೆನ್‌ಡ್ರೈವ್ ಸಿಕ್ಕಿಸಿದರೆ ಅನೇಕ ಟಿವಿಗಳು ಒತ್ತಕ್ಷರವನ್ನು ಬಿಡಿಸಿ ಹಾಕುತ್ತವೆ ಅಥವಾ ಬರೀ ಚೌಕ ತೋರಿಸುತ್ತವೆ, ಏಕೆಂದರೆ ಅವುಗಳಲ್ಲಿ ಕನ್ನಡ ಅಕ್ಷರ ಜೋಡಿಸುವ ವ್ಯವಸ್ಥೆಯೇ ಇರುವುದಿಲ್ಲ, ಲ್ಯಾಪ್‌ಟಾಪ್ ಬಳಸಿ. ಸಮಯ ಜಾರುವುದು ಇನ್ನೊಂದು ಕಾಟ. ಸೆಕೆಂಡಿಗೆ 25 ಫ್ರೇಮಿನ ಲೆಕ್ಕಕ್ಕೆ ಮಾಡಿದ ಸಬ್‌ಟೈಟಲ್ಲನ್ನು 23.976 ಫ್ರೇಮಿನ ಚಿತ್ರಕ್ಕೆ ಹಚ್ಚಿದರೆ ಮೊದಲ ನಿಮಿಷದಲ್ಲಿ ಸರಿಯಾಗಿಯೇ ಕಾಣುತ್ತದೆ, ಕೊನೆಗೆ ಬರುವಷ್ಟರಲ್ಲಿ ಐದು ನಿಮಿಷಕ್ಕೂ ಹೆಚ್ಚು ಮುಂದೋಡಿರುತ್ತದೆ. ಆದ್ದರಿಂದ ಆರಂಭ ಮಾತ್ರ ನೋಡಿ ಸಮಾಧಾನ ಪಡಬೇಡಿ. ನಡುವೆ ಒಂದು, ಕೊನೆಯಲ್ಲಿ ಒಂದು ದೃಶ್ಯ ಹಾಕಿ ಪರೀಕ್ಷಿಸಿ. ಚಿತ್ರದ ಚೌಕಟ್ಟು 2.39ಕ್ಕೆ 1. ಪರದೆ ತುಂಬಲೆಂದು ಝೂಮ್ ಮಾಡಿದರೆ ಕೆಳಗಿನ ಕಪ್ಪುಪಟ್ಟಿಯಲ್ಲಿ ಬರುವ ಸಬ್‌ಟೈಟಲ್ ಸಾಲು ಪರದೆಯಿಂದ ಹೊರಗೆ ಗೋಡೆಯ ಮೇಲೆ ಬೀಳುತ್ತದೆ.

ಮನೆಬಳಕೆಗೆ ಮಾರಿದ ಡಿಸ್ಕ್‌ನಿಂದ ಸಾರ್ವಜನಿಕ ಪ್ರದರ್ಶನ ಮಾಡುವ ಹಕ್ಕು ಬರುವುದಿಲ್ಲ, ಟಿಕೆಟ್ ಇಲ್ಲದಿದ್ದರೂ. ಸಂಘದ ಹೆಸರಿನಲ್ಲಿ ತೋರಿಸುವುದಾದರೆ ಪ್ರದರ್ಶನ ಪರವಾನಗಿಯನ್ನು ಮೊದಲೇ ಪಡೆಯಿರಿ. ಒಟಿಟಿ ಖಾತೆಯಿಂದ ತೋರಿಸುವುದಕ್ಕೂ ಇದೇ ಮಾತು. ಅಮೆರಿಕದಲ್ಲಿ ಇದಕ್ಕೆ ಆರ್ ದರ್ಜೆ ಕೊಟ್ಟಿದ್ದಾರೆ, ಅಂದರೆ 17ಕ್ಕಿಂತ ಚಿಕ್ಕವರು ದೊಡ್ಡವರ ಜೊತೆ ಮಾತ್ರ ನೋಡಬಹುದು. ಚಾಕುವಿನ ಕಾಳಗದಲ್ಲಿ ರಕ್ತ ಚೆನ್ನಾಗಿಯೇ ಹರಿಯುತ್ತದೆ, ಬಿಷಪ್‌ನ ಭಾಗ ಮಕ್ಕಳಿಗಲ್ಲ. ಕಾರ್ಯಕ್ರಮದ ಚೀಟಿಯಲ್ಲೇ ದೊಡ್ಡವರಿಗೆ ಮಾತ್ರ ಎಂದು ಬರೆಯಿರಿ.

ಚಿತ್ರದ ಉದ್ದ 132 ನಿಮಿಷ. ಸಂಜೆ 6.30ಕ್ಕೆ ಶುರುಮಾಡಿ 12 ನಿಮಿಷ ಬಿಡುವು ಕೊಟ್ಟರೆ 9ರ ಒಳಗೆ ಮುಗಿಯುತ್ತದೆ, ಮುಕ್ಕಾಲು ಗಂಟೆ ಮಾತಾಡಿದರೂ ವಿರಾರ್, ಕಲ್ಯಾಣ್ ಕಡೆಯವರಿಗೆ ಲೋಕಲ್ ಸಿಗುತ್ತದೆ. ಬಿಡುವು ಎಲ್ಲಿ ಎನ್ನುವುದು ಮುಖ್ಯ. ಸ್ಟೀಫನ್ ಫ್ರೈ ನಟಿಸಿದ ಟಿವಿ ನಿರೂಪಕ ಗಾರ್ಡನ್‌ನ ಮನೆಗೆ ಪೊಲೀಸರು ನುಗ್ಗಿ, ಈವಿ ತಪ್ಪಿಸಿಕೊಳ್ಳಲು ಹೋಗಿ ಸಿಕ್ಕಿಬೀಳುವ ಜಾಗದಲ್ಲಿ ನಿಲ್ಲಿಸಿ. ಚಿತ್ರ ಅರ್ಧದ ಆಸುಪಾಸಿಗೆ ಬಂದಿರುತ್ತದೆ, ಕುತೂಹಲವೂ ಉಳಿಯುತ್ತದೆ. ಜೈಲಿನ ಭಾಗ ಶುರುವಾದ ಮೇಲೆ ಮಳೆಯ ದೃಶ್ಯ ಮುಗಿಯುವವರೆಗೆ ಯಾವ ಕಾರಣಕ್ಕೂ ದೀಪ ಹಾಕಬೇಡಿ, ಚಹಾ ಬಂದರೂ. ಒಂದು ಕಡೆ ಕತ್ತರಿಸಿದರೆ ಪತ್ರಕ್ಕೂ ಬಿಡುಗಡೆಗೂ ಇರುವ ಸಂಬಂಧವೇ ಕಡಿದುಹೋಗುತ್ತದೆ.

ಬಿಡುವಿನ ನಂತರದ ಭಾಗದಲ್ಲಿ ತಪ್ಪಿಸಿಕೊಳ್ಳಬಾರದ್ದು ಡೊಮಿನೊ ದೃಶ್ಯ. ಕೆಂಪು ಮತ್ತು ಕಪ್ಪು ಬಿಲ್ಲೆಗಳು ನೆಲದ ಮೇಲೆ ದೊಡ್ಡ ವಿ ಆಕಾರ ತಳೆದು ಉರುಳುತ್ತವೆ. 22,000 ನಿಜವಾದ ಬಿಲ್ಲೆಗಳು. ನಾಲ್ವರು ಪರಿಣತರು 200 ಗಂಟೆ ಕೂತು ಜೋಡಿಸಿದ್ದು. ಇದರ ಜೊತೆಗೇ ಸ್ಟೀಫನ್ ರೇ ನಟಿಸಿದ ಇನ್‌ಸ್ಪೆಕ್ಟರ್ ಫಿಂಚ್ ಹಿಂದಿನದನ್ನೂ ಮುಂದಿನದನ್ನೂ ಒಂದು ಸರಪಳಿಯಾಗಿ ಕಾಣುತ್ತಾನೆ: ಮುಖವಾಡ ತೊಟ್ಟ ಪುಟ್ಟ ಹುಡುಗಿ, ಗುಂಡು, ರೊಚ್ಚಿಗೆದ್ದ ಓಣಿ. ಬಂಡಾಯ ಒಬ್ಬನಿಂದ ಜನರ ಕೈಗೆ ದಾಟುವ ಗಳಿಗೆ ಇದೊಂದೇ ಕಡೆ ಸರಿಯಾಗಿ ಬಂದಿದೆ. ಉಳಿದ ಕಡೆ ಜನ ಎಂದರೆ ಸೋಫಾದಲ್ಲಿ ಕೂತು ಟಿವಿ ನೋಡುವ ಮೂರು ನಾಲ್ಕು ಮುಖಗಳು ಮಾತ್ರ. ಮುಷ್ಕರವಿಲ್ಲ, ಕರಪತ್ರವಿಲ್ಲ, ಸಂಘಟನೆಯ ಸುಳಿವೇ ಇಲ್ಲ. ಗಿರಣಿ ಮುಷ್ಕರ ಕಂಡ ಊರಿನ ಪ್ರೇಕ್ಷಕರಿಗೆ ಈ ಕೊರತೆ ಕಣ್ಣಿಗೆ ಹೊಡೆಯುತ್ತದೆ. ಆದರೂ ಪರದೆಯಾಚೆ ಆ ಮುಖವಾಡ ನಡೆದು ಬಂದದ್ದು ನಿಜ: 2012ರ ಜೂನ್ 9ರಂದು ಇಂಟರ್ನೆಟ್ ನಿರ್ಬಂಧದ ವಿರುದ್ಧ ನಮ್ಮ ಆಜಾದ್ ಮೈದಾನದಲ್ಲಿ ಸೇರಿದ ಹುಡುಗ ಹುಡುಗಿಯರು ಅದನ್ನೇ ತೊಟ್ಟಿದ್ದರು. ಅದರ ಹಕ್ಕು ಸಿನಿಮಾ ಕಂಪನಿಯದು. ಅಧಿಕೃತವಾಗಿ ಮಾರಾಟವಾಗುವ ಪ್ರತಿ ಮುಖವಾಡಕ್ಕೂ ಕಂಪನಿಗೆ ಪಾಲು ಹೋಗುತ್ತದೆ ಎಂಬುದೂ ನಿಜ.

ಕೊಳ್ಳುವ ವಿಷಯಕ್ಕೆ ಬಂದರೆ, 1080 ಪ್ರೊಜೆಕ್ಟರ್ ಇರುವ ಗುಂಪುಗಳು ಬ್ಲೂ-ರೇ ತೆಗೆದುಕೊಳ್ಳಿ, ಅದಕ್ಕಿಂತ ಹೆಚ್ಚು ಖರ್ಚು ಬೇಡ. ಒಎಲ್‌ಇಡಿ ಟಿವಿ ಇರುವ ಮನೆಯವರಿಗೆ 4ಕೆ ಡಿಸ್ಕ್ ಕೊಟ್ಟ ಹಣಕ್ಕೆ ಮೋಸವಿಲ್ಲ. 4ಕೆ ಡಿಸ್ಕ್‌ಗಳಿಗೆ ಪ್ರದೇಶದ ಬೀಗ ಇರುವುದಿಲ್ಲವಾದ್ದರಿಂದ ಹೊರದೇಶದಿಂದ ಬರುವವರ ಕೈಲಿ ತರಿಸಿಕೊಂಡರೂ ಇಲ್ಲಿಯ 4ಕೆ ಪ್ಲೇಯರಿನಲ್ಲಿ ಓಡುತ್ತದೆ. ಡಿವಿಡಿ ಬೇಡ. ಅದರಲ್ಲಿ ಶ್ಯಾಡೋ ಗ್ಯಾಲರಿಯ ಕತ್ತಲು ಚೌಕಚೌಕವಾಗಿ ಒಡೆಯುತ್ತದೆ, ಬಿಡ್ಲ್ ಮಾಡಿದ ಕೆಲಸ ಅರ್ಧವೂ ಕಾಣುವುದಿಲ್ಲ.